ಏರೋಕೆ ಬಿಡುತ್ತೆ, ಇಳಿಯೋಕೆ ಬಿಡಲ್ಲ: ಒಬ್ಬನೇ ಬಂಡೆ ಹತ್ತುವ ಹಗ್ಗ ಮತ್ತು ಪುಲಿ, ಎರಡು ವರ್ಷದ ನಂತರ

ನಾನು ಹತ್ತುವಾಗ ಬಿಲೇ ಹಿಡಿಯುತ್ತಿದ್ದ, ಅಂದರೆ ಬಿದ್ದರೆ ತಡೆಯೋಕೆ ಕೆಳಗೆ ಹಗ್ಗ ಹಿಡಿಯುತ್ತಿದ್ದ ಗೆಳೆಯ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ. ಮುಳ್ಳಯ್ಯನಗಿರಿಗೆ ಟ್ರೆಕ್ಕಿಂಗ್ ಅಂದರೆ ಚಿಕ್ಕಮಗಳೂರಲ್ಲಿ ಹತ್ತು ಜನ ಬರುತ್ತಾರೆ. ಬಂಡೆ ಬುಡದಲ್ಲಿ ನಿಂತು ಹಗ್ಗ ಹಿಡಿಯೋಕೆ ಒಬ್ಬರೂ ಸಿಗಲ್ಲ. ಕಾಫಿ ಕ್ಯೂರಿಂಗ್‌ನಲ್ಲಿ ಕೆಲಸ, ನನಗೆ ಇರುವುದು ಭಾನುವಾರ ಒಂದೇ. ಹಾಗಾಗಿ ಬಲ್ಲವರ ಹತ್ತಿರ ಟಾಪ್ ರೋಪ್ ಸೋಲೋ (ಮೇಲೆ ಕಟ್ಟಿದ ಹಗ್ಗದಲ್ಲಿ ಒಬ್ಬನೇ ಹತ್ತೋದು) ಕಲಿತು 10.5 ಮಿ.ಮೀ.ನ 50 ಮೀಟರ್ ಸ್ಟ್ಯಾಟಿಕ್ (ಹೆಚ್ಚು ಹಿಗ್ಗದ) ಹಗ್ಗ, ಹಲ್ಲಿನ ಕ್ಯಾಮ್ ಇರುವ ಎರಡು ಪುಲಿ ತಗೊಂಡೆ. ಹಗ್ಗವನ್ನು ಒಂದೇ ದಿಕ್ಕಿಗೆ ಓಡಲು ಬಿಟ್ಟು, ಕೆಳಕ್ಕೆ ಜಾರಿದರೆ ಕಚ್ಚಿ ಹಿಡಿಯುವ ತುಂಡೇ ಈ ಕ್ಯಾಮ್. ಹಗ್ಗಕ್ಕಿಂತ ಪುಲಿಗಳಿಗೇ ಜಾಸ್ತಿ ದುಡ್ಡು ಹೋಯಿತು.

ಕಡೂರು ದಾಟಿ ಅರಸೀಕೆರೆ ಕಡೆ, ತೆಂಗಿನ ತೋಟದ ಹಿಂದೆ ನನ್ನ ಬಂಡೆ. ಎತ್ತರ ಹದಿನೆಂಟು ಮೀಟರ್ ಇರಬಹುದು. ತೋಟದ ಅಜ್ಜ ಪ್ರತಿ ಸಲ ಕೇಳುತ್ತಾರೆ, "ಒಬ್ಬನೇ ಹತ್ತೀಯೇನಪ್ಪ?" "ಹನ್ನೊಂದಕ್ಕೆ ಇಳಿದು ಬರ್ತೀನಿ ಅಜ್ಜ" ಅಂತ ಹೇಳಿಯೇ ಹೋಗುತ್ತೇನೆ. ನಾನು ತಡ ಮಾಡಿದರೆ ಹುಡುಕಿಕೊಂಡು ಬರೋರು ಅವರೇ.

ಹಿಂದಿನಿಂದ ನಡೆದು ಮೇಲೆ ಹೋದರೆ ಕೋಣೆಯಷ್ಟು ದೊಡ್ಡ ಗುಂಡು, ಅದರ ಪಕ್ಕ ಒಂದು ಬಸರಿ ಮರ. ಎರಡಕ್ಕೂ ಬೇರೆ ಬೇರೆ ಸ್ಲಿಂಗ್ (ಗಟ್ಟಿ ಪಟ್ಟಿಯ ಕುಣಿಕೆ) ಸುತ್ತಿ ಒಂದೇ ಕಡೆ ಸೇರಿಸುತ್ತೇನೆ. ಹಗ್ಗದ ನಡುವೆ ಎರಡು ಫಿಗರ್ ಏಟ್ ಗಂಟು, ಕೆಳಕ್ಕೆ ಎರಡು ಎಳೆ. ಎಳೆಗೊಂದು ಪುಲಿ, ಎರಡೂ ನನ್ನ ಹಾರ್ನೆಸ್‌ಗೆ (ಸೊಂಟಕ್ಕೂ ತೊಡೆಗೂ ಕಟ್ಟುವ ಪಟ್ಟಿ); ಒಂದು ಕೈಕೊಟ್ಟರೆ ಇನ್ನೊಂದು. ಅಂಚಿಗೆ ನಾಲ್ಕು ಮಡಿಕೆ ಗೋಣಿಚೀಲ, ಅದನ್ನು ಬೇರೆ ದಾರದಲ್ಲಿ ಕಟ್ಟಲೇಬೇಕು. ಮೊದಲ ತಿಂಗಳು ಕಟ್ಟದೆ ಬಿಟ್ಟಿದ್ದೆ. ಚೀಲ ಜಾರಿ, ಗ್ರಾನೈಟ್‌ನ ಹರಳು ಉಜ್ಜಿ, ಒಂದು ಗೇಣಷ್ಟು ಹಗ್ಗದ ಹೊರಸಿಪ್ಪೆ ನೂಲು ನೂಲಾಗಿ ಎದ್ದಿತ್ತು.

ಕೆಳಗೆ ಬಂದು ಎರಡೂ ಎಳೆಗೆ ಎರಡೆರಡು ಲೀಟರಿನ ನೀರಿನ ಬಾಟಲಿ ಕಟ್ಟುತ್ತೇನೆ. ಭಾರ ಇಲ್ಲದಿದ್ದರೆ ಹಗ್ಗ ಪುಲಿಯೊಳಗೆ ಓಡಲ್ಲ, ನಮ್ಮ ಜೊತೆಗೇ ಮೇಲೆ ಬರುತ್ತೆ. ಮೇಲಿನ ಪುಲಿ ಎದೆ ಮಟ್ಟದಲ್ಲಿ ನಿಲ್ಲೋಕೆ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಕೊರಳಿಗೆ ಹಾಕಿದ್ದೇನೆ. ಕ್ಯಾಮ್ ತೆರೆದೇ ನಿಲ್ಲಿಸುವ ಗುಂಡಿ ಒಂದಿದೆ. ಅದು ಒತ್ತಿಲ್ಲ ಅಂತ ಕಣ್ಣಲ್ಲಿ ನೋಡಬೇಕು, ಆಮೇಲೆ ಎರಡೂ ಎಳೆಯಲ್ಲಿ ಜೋತುಬಿದ್ದು ಪರೀಕ್ಷಿಸಬೇಕು. ಆಮೇಲೇ ಬಂಡೆ ಮುಟ್ಟೋದು.

ಪುಲಿ ಮೇಲಕ್ಕೆ ಬೆಣ್ಣೆಯ ಹಾಗೆ ಹೋಗುತ್ತೆ. ನನ್ನ ಸಿಟ್ಟೆಲ್ಲ ಇಳಿಯುವ ಹೊತ್ತಿನದು. ಕಳೆದ ಜನವರಿಯಲ್ಲಿ ಹನ್ನೆರಡು ಮೀಟರ್ ಮೇಲೆ ಒಂದು ಹಿಡಿತ ಸಿಗದೆ ಹಗ್ಗದಲ್ಲಿ ಕೂತೆ. ಭಾರ ಬಿದ್ದ ಮೇಲೆ ಈ ಕ್ಯಾಮ್ ತೆರೆಯೋಕೆ ಆಗಲ್ಲ. ಮೊದಲು ಪುಲಿಯ ಕೆಳಗೆ ರಾಪೆಲ್ ಡಿವೈಸ್ (ಹಗ್ಗದಲ್ಲಿ ಇಳಿಯುವ ಸಾಧನ) ಹಾಕಿ ಬಿಗಿದು ಗಂಟು ಹಾಕಬೇಕು. ಆಮೇಲೆ ಪುಲಿಯ ಮೇಲೆ ಪ್ರೂಸಿಕ್ (ಭಾರ ಬಿದ್ದಾಗ ಹಗ್ಗವನ್ನು ಬಿಗಿಯಾಗಿ ಹಿಡಿಯುವ ತೆಳು ಹಗ್ಗದ ಗಂಟು) ಸುತ್ತಿ, ಕಾಲಿಗೆ ಕುಣಿಕೆ ಮಾಡಿ, ಅದರ ಮೇಲೆ ಎದ್ದು ನಿಂತು ಭಾರ ಇಳಿಸಿಯೇ ಎರಡೂ ಪುಲಿ ಬಿಡಿಸಬೇಕು. ಪ್ರೂಸಿಕ್ ಹಗ್ಗ ಕೆಳಗೆ ಚೀಲದಲ್ಲೇ ಉಳಿದಿತ್ತು. ಹಾರ್ನೆಸ್‌ನಲ್ಲಿದ್ದ ಸ್ಲಿಂಗ್ ಸುತ್ತಿ ಹೇಗೋ ಇಳಿದೆ. ಅರ್ಧ ಗಂಟೆ ಬೇಕಾಯಿತು, ತೊಡೆ ಮರಗಟ್ಟಿತ್ತು. ಮಾರುವವರು ಇದನ್ನು ಒಂದು ಸಾಲಿನಲ್ಲಾದರೂ ದಪ್ಪ ಅಕ್ಷರದಲ್ಲಿ ಹೇಳಬೇಕಿತ್ತು, ಅಲ್ವಾ? ಆವತ್ತಿನಿಂದ ಪ್ರೂಸಿಕ್ ಹಗ್ಗವನ್ನು ಹಾರ್ನೆಸ್‌ನಿಂದ ಬಿಚ್ಚಿಲ್ಲ.

ದೊಡ್ಡ ಹಗ್ಗದ ಮಾತು ಬೇರೆ. ಮೊದಲು ಬಿರುಸಾಗಿತ್ತು, ಗಂಟು ಕೂರುತ್ತಲೇ ಇರಲಿಲ್ಲ. ತಣ್ಣೀರಲ್ಲಿ ಎರಡು ಸಲ ತೊಳೆದ ಮೇಲೆ ಕೈಗೆ ಒಗ್ಗಿತು. ಇಎನ್ 1891 ಎಂಬ ಯುರೋಪಿನ ಮಾನದಂಡದ ಪ್ರಕಾರ ಇಂಥ ಹಗ್ಗ 5%ಕ್ಕಿಂತ ಹೆಚ್ಚು ಹಿಗ್ಗಬಾರದು. ಡೈನಾಮಿಕ್ (ಬಿದ್ದಾಗ ಹಿಗ್ಗುವ) ಹಗ್ಗಕ್ಕೆ ಇಎನ್ 892 ಎಂಬ ಮಾನದಂಡ, ಒಂಟಿಯಾಗಿ ಬಳಸುವ ಹಗ್ಗವಾದರೆ, 80 ಕೆ.ಜಿ. ಭಾರದಲ್ಲಿ 10%ವರೆಗೆ ಬಿಡುತ್ತೆ. ಬಂಡೆಯ ಮೇಲೆ ಇದರ ಅರ್ಥ ಏನು ಅಂದರೆ, ಕೈ ಜಾರಿದ ಜಾಗದಲ್ಲೇ ನಾನು ನಿಂತಿರುತ್ತೇನೆ. ಸೀಮೆಸುಣ್ಣದ ಗುರುತು ಮೂಗಿನ ಮುಂದೆಯೇ ಇರುತ್ತೆ. ಅದೇ ಚಿಕ್ಕ ಹರಳಿಗೆ ಬೆರಳಿಟ್ಟು ಇನ್ನೊಂದು ಸಲ, ಮತ್ತೊಂದು ಸಲ. ಗೆಳೆಯ ಬಿಲೇ ಹಿಡಿದಾಗಲೂ ಒಂದೇ ಜಾಗವನ್ನು ಇಷ್ಟು ನೆಮ್ಮದಿಯಾಗಿ ಕಲಿತಿರಲಿಲ್ಲ. ಲೀಡ್ ಹತ್ತೋಕೆ (ಕೆಳಗಿನಿಂದ ಹಗ್ಗ ಎಳೆದುಕೊಂಡು ಮೊದಲು ಹತ್ತೋಕೆ) ಮಾತ್ರ ಈ ಹಗ್ಗ ಖಂಡಿತ ಬೇಡ, ಬಿದ್ದ ಪೆಟ್ಟನ್ನು ಇದು ನುಂಗಲ್ಲ.

ನಮ್ಮೂರ ಮಳೆಗಾಲದಲ್ಲಿ ಒಣಗಿಸುವುದೇ ಕಷ್ಟ. ಬಿಸಿಲಿಗೆ ಹಾಕಬಾರದು, ಒದ್ದೆ ಇಟ್ಟರೆ ಮುಗ್ಗಲು ವಾಸನೆ. ಜೂನ್‌ನಿಂದ ನನ್ನ ಕೋಣೆಯ ಫ್ಯಾನಿನ ಕೆಳಗೆ ಕುರ್ಚಿಯಿಂದ ಕುರ್ಚಿಗೆ ಹಗ್ಗ ಹರಡಿರುತ್ತೆ. ಮುಂದಿನ ಬೋನಸ್‌ನಲ್ಲಿ ಒಂದು ಪುಲಿಯ ಬದಲು, ಭಾರ ಇದ್ದಾಗಲೂ ಇಳಿಸುವ ಸಾಧನ ತಗೋತೀನಿ. ಹಗ್ಗ ಸವೆದರೆ ಮತ್ತೆ ಇದೇ ಹಗ್ಗ, ಇಷ್ಟೇ ಉದ್ದ.