ಮನೆಗೆ ಅಗ್ಗದ ಆಡಿಯೋ ಮಿಕ್ಸರ್ ಕೊಳ್ಳುವವರೇ, ಮೊದಲು ಮೈಕ್ ಸಾಕೆಟ್‌ಗಳನ್ನು ಎಣಿಸಿ

ಮನೆಯಲ್ಲೇ ಧ್ವನಿಮುದ್ರಣ ಮಾಡಲು ಕಡಿಮೆ ಬೆಲೆಯ ಆಡಿಯೋ ಮಿಕ್ಸರ್ (ಹಲವು ಮೈಕ್, ವಾದ್ಯಗಳ ದನಿಯನ್ನು ಬೆರೆಸುವ ಯಂತ್ರ) ಹುಡುಕುತ್ತಿರುವವರು ಹಣ ಕಟ್ಟುವ ಮೊದಲು ದಯವಿಟ್ಟು ಇದನ್ನು ಓದಿ. ಪೆಟ್ಟಿಗೆಯ ಮೇಲೆ ‘8 ಚಾನಲ್’, ‘48 ವೋಲ್ಟ್ ಫ್ಯಾಂಟಮ್ ಪವರ್’, ‘ಯುಎಸ್‌ಬಿ’, ‘99 ಎಫೆಕ್ಟ್’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದ ಮಿಕ್ಸರ್ ಒಂದನ್ನು ನಾನು ಕೊಂಡೆ. ಚಾನಲ್ ಎಂದರೆ ದನಿ ಒಳಬರುವ ಒಂದು ದಾರಿ, ಫ್ಯಾಂಟಮ್ ಪವರ್ ಎಂದರೆ ಕೆಲವು ಮೈಕುಗಳಿಗೆ ಅದರ ತಂತಿಯಲ್ಲೇ ಕೊಡುವ ವಿದ್ಯುತ್, ಎಫೆಕ್ಟ್ ಎಂದರೆ ದನಿಗೆ ಸೇರಿಸುವ ಎಕೋದಂಥ ಬದಲಾವಣೆ. ಪೆಟ್ಟಿಗೆಯ ಈ ಮಾತುಗಳಲ್ಲಿ ಒಂದು ಶುದ್ಧ ಸುಳ್ಳು, ಉಳಿದವು ಅರ್ಧ ಸತ್ಯ. ನನಗೆ ಹೆಚ್ಚು ನಷ್ಟವಾದದ್ದು ಅರ್ಧ ಸತ್ಯಗಳಿಂದಲೇ. ತಯಾರಕರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬರೆದರೂ ಪ್ರಯೋಜನ ಕಡಿಮೆ, ಏಕೆಂದರೆ ಇದೇ ಯಂತ್ರ ಬೇರೆ ಬೇರೆ ಹೆಸರುಗಳ ಅಂಟುಚೀಟಿ ಹೊತ್ತು ಮಾರಾಟವಾಗುವುದನ್ನು ಆಮೇಲೆ ಕಂಡಿದ್ದೇನೆ.

ನನ್ನ ಅಗತ್ಯ ದೊಡ್ಡದೇನಲ್ಲ. ನಾನು ಮತ್ತು ತಂಗಿ ಕಥೆಗಳನ್ನು ಸರದಿಯಂತೆ ಓದುತ್ತೇವೆ, ನಡುನಡುವೆ ಗಿಟಾರ್ ಬರುತ್ತದೆ, ಒಮ್ಮೊಮ್ಮೆ ಮೂರನೆಯವರೂ ಓದಲು ಕೂರುತ್ತಾರೆ. 8 ಚಾನಲ್ ಎಂದರೆ ಇದಕ್ಕೆಲ್ಲ ಧಾರಾಳವಾಗಿ ಸಾಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಪೆಟ್ಟಿಗೆ ತೆರೆದಾಗ ಮೈಕ್ ಜೋಡಿಸುವ, ಮೂರು ರಂಧ್ರದ ಎಕ್ಸ್‌ಎಲ್‌ಆರ್ ಸಾಕೆಟ್ ಇದ್ದದ್ದು ಎರಡೇ. ಉಳಿದ ಆರು ‘ಚಾನಲ್’ಗಳು ಮೂರು ಸ್ಟೀರಿಯೊ ಲೈನ್ ಜೋಡಿಗಳು, ಅಂದರೆ ಫೋನ್, ಕೀಬೋರ್ಡಿನಂಥ ಉಪಕರಣಗಳ ದನಿಗೆ. ಎಡಕ್ಕೊಂದು ಬಲಕ್ಕೊಂದು ಸಾಕೆಟ್, ಎರಡಕ್ಕೂ ಸೇರಿ ಒಂದೇ ಫೇಡರ್ (ದನಿ ಏರಿಳಿಸುವ ಜಾರುಗುಂಡಿ). ಒಂದು ಜೊತೆ ಚಪ್ಪಲಿಯನ್ನು ಎರಡು ಸಾಮಾನು ಎಂದು ಲೆಕ್ಕ ಬರೆದಂತೆ. ಮೂರನೆಯ ಮೈಕನ್ನು ಲೈನ್ ಸಾಕೆಟ್ಟಿಗೆ ಜೋಡಿಸಿದರಾಯಿತು ಎಂದು ಮಾರಾಟಗಾರರು ಹೇಳಿದರು. ಅದು ಆಗುವ ಮಾತಲ್ಲ. ಮಾತಾಡುವಾಗ ಡೈನಾಮಿಕ್ ಮೈಕಿನಿಂದ (ಹೊರಗಿನ ವಿದ್ಯುತ್ ಬೇಡದ ಬಗೆಯದು) ಹೊರಡುವುದು ಕೆಲವೇ ಮಿಲಿವೋಲ್ಟ್. ಲೈನ್ ಸಾಕೆಟ್ ಎದುರು ನೋಡುವುದು ಅದರ ನೂರಾರು ಪಟ್ಟು. ನಡುವೆ ಈ ಸಣ್ಣ ಸಂಕೇತವನ್ನು ಹಿಗ್ಗಿಸುವ ಪ್ರಿಆಂಪ್ ಇಲ್ಲದಿದ್ದರೆ ದನಿ ಪಾತಾಳದಿಂದ ಬಂದ ಹಾಗೆ ಕೇಳುತ್ತದೆ. ಫ್ಯಾಂಟಮ್ ಪವರಿನಿಂದ ನಡೆಯುವ ಕಂಡೆನ್ಸರ್ ಮೈಕಿಗಂತೂ ಅಲ್ಲಿ ವಿದ್ಯುತ್ತೇ ಸಿಗುವುದಿಲ್ಲ.

ಸ್ಟೀರಿಯೊವನ್ನು ಎರಡಾಗಿ ಎಣಿಸುವುದು ಈ ವ್ಯಾಪಾರದಲ್ಲಿ ಹಳೆಯ ರೂಢಿ, ಅದನ್ನೇ ಮೋಸ ಎನ್ನಲಾರೆ. ಯಮಹಾದ ಎಂಜಿ10ಎಕ್ಸ್‌ಯು ಮಿಕ್ಸರಿನ ಹೆಸರಿನಲ್ಲಿಯೂ 10 ಇದೆ, ಅದಕ್ಕೆ ಜೋಡಿಸಬಹುದಾದ ಮೈಕ್ ಹೆಚ್ಚೆಂದರೆ 4. ಆದರೆ ಆ ಎರಡೂ ಸಂಖ್ಯೆಗಳನ್ನು ಕಂಪನಿಯೇ ಜೊತೆಜೊತೆಗೆ ಹೇಳುತ್ತದೆ. ನನ್ನ ಪೆಟ್ಟಿಗೆಯ ಮೇಲೆ ದೊಡ್ಡ ಸಂಖ್ಯೆ ಮಾತ್ರ ಇತ್ತು.

ಎಲ್ಲಕ್ಕಿಂತ ಹೆಚ್ಚು ಸಂಕಟ ಕೊಟ್ಟದ್ದು ಯುಎಸ್‌ಬಿ. ಲ್ಯಾಪ್‌ಟಾಪಿಗೆ ಜೋಡಿಸಿದರೆ ದೀಪ ಹೊತ್ತಿತು, ಆದರೆ ಲ್ಯಾಪ್‌ಟಾಪಿನ ಧ್ವನಿಸಾಧನಗಳ ಪಟ್ಟಿಯಲ್ಲಿ ಮಿಕ್ಸರ್ ಕಾಣಿಸಲೇ ಇಲ್ಲ. ಕೈಪಿಡಿಯ ಮೂಲೆಯಲ್ಲಿ ವಿವರ ಸಿಕ್ಕಿತು. ಮುಂಭಾಗದ ಅಗಲ ಕಿಂಡಿ ಪೆನ್‌ಡ್ರೈವ್ ಹಾಕಿ ಎಂಪಿ3 ಹಾಡು ಕೇಳುವುದಕ್ಕೆ, ಹಿಂಬದಿಯ ಚಿಕ್ಕ ಕಿಂಡಿ 5 ವೋಲ್ಟ್ ವಿದ್ಯುತ್ತಿಗೆ. ಧ್ವನಿಯನ್ನು ಡಿಜಿಟಲ್ ರೂಪಕ್ಕೆ ತಂದು ಕಂಪ್ಯೂಟರಿಗೆ ಕಳಿಸುವ ಭಾಗವೇ ಒಳಗಿಲ್ಲ. ಹಾಗಿದ್ದರೂ ಜಾಹೀರಾತಿನ ಚಿತ್ರದಲ್ಲಿ ಮಿಕ್ಸರಿನ ಪಕ್ಕಕ್ಕೆ ಲ್ಯಾಪ್‌ಟಾಪ್ ಇಟ್ಟಿದ್ದರು! ಕೊನೆಗೆ ಮಿಕ್ಸರಿನ ಔಟ್‌ಪುಟ್ಟನ್ನು ಲ್ಯಾಪ್‌ಟಾಪಿನ ಮೈಕ್ ಕಿಂಡಿಗೆ ತಂತಿಯಲ್ಲಿ ಜೋಡಿಸಿದೆವು. ಆ ಕಿಂಡಿ ಸಾಮಾನ್ಯವಾಗಿ ಒಂದೇ ಚಾನಲ್ಲಿನದು, ಅದೂ ಮೈಕಿನ ಸಣ್ಣ ಸಂಕೇತಕ್ಕೆಂದೇ ಮಾಡಿದ್ದು. ದನಿ ಒಡೆಯಿತು. ಅದನ್ನು ತಗ್ಗಿಸಿ ಸರಿಮಾಡಿಕೊಂಡರೂ ಇಬ್ಬರ ದನಿಯೂ ಬಿಡಿಸಲಾಗದಂತೆ ಒಂದರಲ್ಲೇ ಬೆರೆತುಹೋಗುತ್ತಿತ್ತು. ನನ್ನ ಓದಿನ ಮೇಲೆ ತಂಗಿಯ ಕೆಮ್ಮು ಬಿದ್ದರೆ ಆ ಭಾಗವನ್ನೇ ಮತ್ತೆ ಓದಬೇಕು.

ಕಂಪ್ಯೂಟರಿಗೆ ನಿಜವಾಗಿಯೂ ಧ್ವನಿ ಕಳಿಸುವ ಅಗ್ಗದ ಮಿಕ್ಸರ್‌ಗಳೂ ಇವೆ. ಅವುಗಳಲ್ಲಿ ಹೆಚ್ಚಿನವು ಕಳಿಸುವುದು ಎಲ್ಲವನ್ನೂ ಬೆರೆಸಿದ ಎಡ–ಬಲ ಮಿಶ್ರಣವನ್ನು ಮಾತ್ರ, ಪ್ರತಿ ಮೈಕನ್ನೂ ಬೇರೆ ಬೇರೆಯಾಗಿ ಅಲ್ಲ. ಇಬ್ಬರೇ ಇದ್ದರೆ ದನಿಯನ್ನು ಎಡಬಲಕ್ಕೆ ವಾಲಿಸುವ ಪ್ಯಾನ್ ಗುಂಡಿಗಳಲ್ಲಿ ಒಬ್ಬರದನ್ನು ಪೂರ್ತಿ ಎಡಕ್ಕೆ, ಇನ್ನೊಬ್ಬರದನ್ನು ಪೂರ್ತಿ ಬಲಕ್ಕೆ ತಿರುಗಿಸಿ ಎರಡು ಪ್ರತ್ಯೇಕ ಟ್ರ್ಯಾಕ್ ಪಡೆಯಬಹುದು. ಮೂರನೆಯ ಮೈಕ್ ಬಂದ ಕೂಡಲೇ ಆ ದಾರಿ ಮುಚ್ಚುತ್ತದೆ. ಆದ್ದರಿಂದ ‘ಯುಎಸ್‌ಬಿ ಇದೆಯೇ’ ಎಂದು ಕೇಳಬೇಡಿ, ‘ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಎಷ್ಟು ಚಾನಲ್ ಬೇರೆ ಬೇರೆಯಾಗಿ ಹೋಗುತ್ತದೆ’ ಎಂದೇ ಕೇಳಿ.

ಶುದ್ಧ ಸುಳ್ಳು ಎಂದೆನಲ್ಲ, ಅದು 48 ವೋಲ್ಟ್. ಮೆಲ್ಲಗೆ ಓದಿದಾಗ ಕಂಡೆನ್ಸರ್ ಮೈಕ್ ಸರಿಯಾಗಿಯೇ ಇತ್ತು. ಪಾತ್ರಗಳು ಜಗಳಕ್ಕಿಳಿದು ದನಿ ಏರಿಸಿದ ಕಡೆಯಲ್ಲೆಲ್ಲ ಬಿರುಕು ಬಿಡುತ್ತಿತ್ತು. ಮೈಕ್ ಕೆಟ್ಟಿರಬೇಕೆಂದು ಬೇರೆಯವರ ಮೈಕ್ ತಂದು ನೋಡಿದರೂ ಅದೇ ಬಿರುಕು. ಮಲ್ಟಿಮೀಟರ್ ಹಿಡಿದಾಗ 20 ವೋಲ್ಟ್ ಕೂಡ ಇರಲಿಲ್ಲ. 48 ವೋಲ್ಟ್ ಫ್ಯಾಂಟಮ್ ಪವರಿಗೆ ಮಾನಕ ಒಪ್ಪುವ ಏರಿಳಿತ 4 ವೋಲ್ಟ್ ಮಾತ್ರ. ಅಂದರೆ 44ರಿಂದ 52ರ ಒಳಗೆ ಇರಬೇಕು. ಕೆಲವು ಕಂಡೆನ್ಸರ್ ಮೈಕ್‌ಗಳನ್ನು 11ರಿಂದ 52 ವೋಲ್ಟ್‌ವರೆಗೆ ನಡೆಯುವಂತೆಯೇ ತಯಾರಿಸಿರುತ್ತಾರೆ. ಹಾಗಾಗಿ ಮೈಕಿನಲ್ಲಿ ದನಿ ಬಂತು ಎಂದ ಮಾತ್ರಕ್ಕೆ 48 ಇದೆ ಎಂದು ನಂಬುವಂತಿಲ್ಲ. ಅಳೆಯುವುದು ಕಷ್ಟವಲ್ಲ. ಮೈಕ್ ಜೋಡಿಸದೆ ಫ್ಯಾಂಟಮ್ ಒತ್ತಿ, ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ತಿರುಗಿಸಿ, ಕಪ್ಪು ಮೊನೆಯನ್ನು ಎಕ್ಸ್‌ಎಲ್‌ಆರ್ ಸಾಕೆಟ್ಟಿನ 1ನೆಯ ರಂಧ್ರಕ್ಕೆ, ಕೆಂಪು ಮೊನೆಯನ್ನು 2ಕ್ಕೆ, ಆಮೇಲೆ 3ಕ್ಕೆ ತಾಗಿಸಿ. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಅಂಕಿ ಬರಬೇಕು. ಒಂದೇ ಗುಂಡಿ ಎಲ್ಲ ಮೈಕ್ ಸಾಕೆಟ್ಟಿಗೂ ವಿದ್ಯುತ್ ಕೊಡುವ ಮಿಕ್ಸರ್ ನಿಮ್ಮದಾದರೆ ಫ್ಯಾಂಟಮ್ ಒತ್ತಿರುವಾಗ ಆ ಸಾಕೆಟ್ಟುಗಳಿಗೆ ಬೇರೆ ಉಪಕರಣದ ಔಟ್‌ಪುಟ್ ಜೋಡಿಸಬೇಡಿ, ಕೆಟ್ಟುಹೋಗಬಹುದು.

ಇನ್ನು ದನಿಯ ಮಟ್ಟ ಮತ್ತು ಪ್ರಿಆಂಪಿನ ಸುಯ್ಯೆನ್ನುವ ಸದ್ದು. ಪ್ರಿಆಂಪ್ ಎಷ್ಟು ಹಿಗ್ಗಿಸಬೇಕೆಂದು ಹೊಂದಿಸುವ ಗೇನ್ ಗುಂಡಿ ಪ್ರತಿ ಮೈಕಿಗೂ ಪ್ರತ್ಯೇಕವಾಗಿ ಇರಲೇಬೇಕು. ನನ್ನದರಲ್ಲಿ ಇದ್ದದ್ದು ಫೇಡರ್ ಮಾತ್ರ. ಒಳಗಿನ ಪ್ರಿಆಂಪ್ ಸದಾ ಒಂದೇ ಮಟ್ಟದಲ್ಲಿ ನಿಂತಿರುತ್ತದೆ, ಮೆಲುದನಿಗೆ ಸಾಲದು, ಏರುದನಿಗೆ ಒಡೆಯುತ್ತದೆ. ಒಮ್ಮೆ ಅಲ್ಲಿ ಒಡೆದ ದನಿಯನ್ನು ಫೇಡರ್ ಇಳಿಸಿ ಸರಿಮಾಡಲಾಗದು. ಪ್ರಿಆಂಪಿನ ಗುಣ ತಿಳಿಯಲು ವಿವರಪಟ್ಟಿಯಲ್ಲಿ ‘ಇಐಎನ್’ ಎಂಬ ಸಾಲು ಹುಡುಕಿ, ಪ್ರಿಆಂಪ್ ತಾನೇ ಸೇರಿಸುವ ಗದ್ದಲದ ಅಳತೆ ಅದು. ಒಳ್ಳೆಯವುಗಳಲ್ಲಿ ಅದು ಮೈನಸ್ 128 ಡಿಬಿಯು (ಸಂಕೇತದ ಮಟ್ಟದ ಮಾನ) ಆಸುಪಾಸಿನಲ್ಲಿರುತ್ತದೆ, ಮೈನಸ್ ಮುಂದಿನ ಅಂಕಿ ದೊಡ್ಡದಾದಷ್ಟೂ ಗದ್ದಲ ಕಡಿಮೆ. ಮೈಕಿನಂಥ 150 ಓಮ್ ಮೂಲಕ್ಕೆ ಭೌತಶಾಸ್ತ್ರವೇ ಹಾಕಿದ ಗಡಿ ಸುಮಾರು ಮೈನಸ್ 131. ನನ್ನ ಕೈಪಿಡಿಯಲ್ಲಿ ಆ ಸಾಲೇ ಇರಲಿಲ್ಲ. ಇಲ್ಲದ ಕಡೆ ನಾನು ಇನ್ನು ಮುಂದೆ ಕೊಳ್ಳುವುದಿಲ್ಲ.

99 ಎಫೆಕ್ಟ್‌ಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಎಕೋ ಗುಂಡಿಯನ್ನು ಸೊನ್ನೆಗೆ ಇಳಿಸಿದರೂ ಕಥೆಯ ಹಿಂದೆ ಸಣ್ಣ ಗುಹೆಯೊಂದು ಉಳಿಯುತ್ತಿತ್ತು. ಮಾದರಿ ವಿಡಿಯೋದಲ್ಲಿ ಎಕೋ ತುಂಬಿಸಿ ಹಾಡಿದ್ದರೆ ಎಚ್ಚರವಾಗಿರಿ, ಎಕೋ ಪ್ರಿಆಂಪಿನ ಗದ್ದಲವನ್ನು ಚೆನ್ನಾಗಿ ಮುಚ್ಚುತ್ತದೆ. ಬ್ಲೂಟೂತ್ ಅಂತೂ ಓದಿನ ನಡುವೆ ಸಂಪರ್ಕ ಸಿಕ್ಕಿತೆಂದು ತಾನೇ ಗಟ್ಟಿಯಾಗಿ ಘೋಷಿಸಿ ಒಳ್ಳೆಯ ಭಾಗವೊಂದನ್ನು ಹಾಳುಮಾಡಿತು.

ಮಾರಾಟಗಾರರು ನಡೆದುಕೊಂಡ ರೀತಿಗೆ ನನಗೆ ಈಗಲೂ ಸಿಟ್ಟಿದೆ. ತಂತಿ ಬದಲಿಸಿ ನೋಡಿ ಎಂದರು. ಚಾರ್ಜರ್ ಬದಲಿಸಿ ಎಂದರು. ಒಂದೊಂದು ಉತ್ತರಕ್ಕೂ ಕಾಯಿಸುತ್ತಾ ಮರಳಿಸುವ ಅವಧಿ ದಾಟಿಸಿದರು. ನೀವು ಯಂತ್ರ ಬಂದ ದಿನವೇ ಪರೀಕ್ಷಿಸಿ, ಅಳತೆಯ ಫೋಟೊ ತೆಗೆದು ಮರಳಿಸುವ ಅರ್ಜಿಯನ್ನೂ ಅಂದೇ ಹಾಕಿ. ಗುಂಯ್ ಸದ್ದು ಕೇಳಿದರೆ ಮಾತ್ರ ದೂರುವ ಮೊದಲು ಒಂದು ಕೆಲಸ ಮಾಡಿ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ, ಮಿಕ್ಸರಿಗೆ ಪವರ್ ಬ್ಯಾಂಕ್ ಕೊಡಿ. ಸದ್ದು ನಿಂತರೆ ದೋಷ ವಿದ್ಯುತ್ತಿನ ದಾರಿಯಲ್ಲಿದೆ, ಮಿಕ್ಸರಿನದಲ್ಲ. ಸದ್ದು ಹೋಗಲೆಂದು ಯಾವ ಪ್ಲಗ್ಗಿನ ಭೂಸಂಪರ್ಕದ ಪಿನ್ನನ್ನೂ ಕೀಳಬೇಡಿ, ಪ್ರಾಣಕ್ಕೆ ಅಪಾಯ.

ಒಂದೋ ಎರಡೋ ಮೈಕಿನ ದನಿ ಕಂಪ್ಯೂಟರಿಗೆ ಹೋದರೆ ಸಾಕು ಎನ್ನುವವರಿಗೆ ಮಿಕ್ಸರ್ ಬೇಡವೇ ಬೇಡ, ಮೈಕಿನ ದನಿಯನ್ನು ಡಿಜಿಟಲ್ ಮಾಡಿ ಕಂಪ್ಯೂಟರಿಗೆ ಕಳಿಸುವ, ಎರಡು ಮೈಕ್ ಇನ್‌ಪುಟ್ ಇರುವ ಆಡಿಯೋ ಇಂಟರ್‌ಫೇಸ್ ಕೊಳ್ಳಿ. ನಾವು ಈಗ ಓದುತ್ತಿರುವುದು ಅದರಲ್ಲೇ. ಹಲವು ವಾದ್ಯಗಳನ್ನು ಆಗಲೇ ಬೆರೆಸಿ ಸ್ಪೀಕರಿಗೆ ಕೊಡಬೇಕಾದವರಿಗೆ ಮಿಕ್ಸರ್ ಬೇಕು. ಅಂಥವರು ಹೊಸ ಅನಾಮಧೇಯ ಯಂತ್ರಕ್ಕಿಂತ ಹೆಸರಾಂತ ಕಂಪನಿಯ, ಯಾರೋ ಬಳಸಿದ ಮಿಕ್ಸರನ್ನು ನೋಡುವುದು ಮೇಲು. ಹೆಡ್‌ಫೋನ್ ಹಾಕಿಕೊಂಡು ಪ್ರತಿ ಫೇಡರನ್ನೂ ಮೇಲೆ ಕೆಳಗೆ ಸರಿಸಿ, ಗರಗರ ಎಂದರೆ ಸವೆದಿದೆ ಎಂದರ್ಥ. ಅಡಾಪ್ಟರ್ ಅದರದೇ ಹೌದೇ ಎಂದೂ ಕೇಳಿ. ಹಳೆಯ ಅನೇಕ ಮಿಕ್ಸರ್‌ಗಳ ಅಡಾಪ್ಟರ್ ಹೊರಗೆ ಕೊಡುವುದು ಎಸಿ ವಿದ್ಯುತ್ತನ್ನೇ. ಪಿನ್ ಹೊಂದುತ್ತದೆಂದು ಡಿಸಿ ಅಡಾಪ್ಟರ್ ಜೋಡಿಸಿದರೆ ಅವು ಸರಿಯಾಗಿ ನಡೆಯುವುದಿಲ್ಲ.