ಅಂಡಮಾನ್, ಮಾಲ್ಡೀವ್ಸ್, ಮಾರಿಷಸ್: ಅತ್ತೆ, ಮಗಳನ್ನು ಕರೆದುಕೊಂಡು ಮೂರೂ ಕಡೆ ಹೋಗಿ ಬಂದ ಮೇಲೆ

ದ್ವೀಪಕ್ಕೆ ಹೋಗೋಣ ಅಂತ ಮನೆಯಲ್ಲಿ ಮಾತು ಬಂದರೆ ಎಲ್ಲರೂ ಮೊದಲು ನೋಡುವುದು ಬೀಚಿನ ಫೋಟೋ. ನಾನೂ ಹಾಗೇ ಮಾಡಿದ್ದೆ. ನೀಲಿ ನೀರು, ಬಿಳಿ ಮರಳು, ಬಾಗಿದ ತೆಂಗಿನ ಮರ. ಫೋಟೋದಲ್ಲಿ ಎಲ್ಲ ದ್ವೀಪವೂ ಒಂದೇ ಥರ ಕಾಣುತ್ತವೆ. ಹೋಗಿ ನೋಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ.

ನಾವು ನಾಲ್ಕು ಜನ. 70 ದಾಟಿದ, ಮಂಡಿನೋವಿರುವ ಅತ್ತೆ, ನಮ್ಮನೆಯವರು, ನಾನು, ಮೊದಲ ಪ್ರವಾಸದ ಹೊತ್ತಿಗೆ 5 ವರ್ಷ ತುಂಬಿದ್ದ ಮಗಳು. ನಾಲ್ಕು ವರ್ಷದಲ್ಲಿ ಅಂಡಮಾನ್, ಮಾಲ್ಡೀವ್ಸ್, ಮಾರಿಷಸ್ ಮೂರೂ ಆಯಿತು, ನಡುವೆ ಒಮ್ಮೆ ಬಾಲಿಗೂ ಹೋಗಿ ಬಂದೆವು. ಈಗ ಯಾರಾದರೂ ಯಾವುದು ಒಳ್ಳೇದು ಅಂತ ಕೇಳಿದರೆ ನಾನು ಬೀಚಿನ ಮಾತೇ ಎತ್ತುವುದಿಲ್ಲ. ವಿಮಾನ ಇಳಿದ ಮೇಲೆ ಹಾಸಿಗೆ ಸೇರುವವರೆಗೆ ಎಷ್ಟು ಸಲ ಬ್ಯಾಗ್ ಎತ್ತಿ ಇಳಿಸಬೇಕು ಅಂತ ಎಣಿಸಿ ಅನ್ನುತ್ತೇನೆ. ಆಮೇಲೆ, ನೀವು ಹೋಗುವ ತಿಂಗಳಲ್ಲಿ ಅಲ್ಲಿನ ಸಮುದ್ರ ಹೇಗಿರುತ್ತದೆ ಅಂತ ನೋಡಿ. ವಯಸ್ಸಾದವರು, ಸಣ್ಣ ಮಕ್ಕಳು ಜೊತೆಗಿದ್ದರೆ ಈ ಎರಡೇ ಲೆಕ್ಕ ಸಾಕು, ಉಳಿದದ್ದೆಲ್ಲ ಹೇಗೋ ಆಗುತ್ತದೆ.

ಮೊದಲು ಹೋಗಿದ್ದು ಅಂಡಮಾನ್‌ಗೆ, ಡಿಸೆಂಬರ್‌ನಲ್ಲಿ. ವಿಮಾನ ಇಳಿಯುವುದು ಪೋರ್ಟ್ ಬ್ಲೇರ್‌ನಲ್ಲಿ (2024ರಲ್ಲಿ ಅದಕ್ಕೆ ಶ್ರೀ ವಿಜಯಪುರಂ ಅಂತ ಹೆಸರಿಟ್ಟರು). ಆದರೆ ಫೋಟೋದಲ್ಲಿ ನೋಡಿ ಮರುಳಾಗಿದ್ದ ಬೀಚುಗಳು ಇರುವುದು ಅಲ್ಲಲ್ಲ, ಹ್ಯಾವ್‌ಲಾಕ್ ಮತ್ತು ನೀಲ್ ದ್ವೀಪಗಳಲ್ಲಿ. ಇವಕ್ಕೂ 2018ರಿಂದ ಸ್ವರಾಜ್ ದ್ವೀಪ, ಶಹೀದ್ ದ್ವೀಪ ಅಂತ ಹೆಸರು, ಬುಕ್ ಮಾಡುವಾಗ ಹಳೆಯದೂ ಹೊಸದೂ ಎರಡೂ ಕಾಣಿಸುತ್ತವೆ, ಗಾಬರಿಯಾಗಬೇಡಿ. ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್‌ಗೆ ಖಾಸಗಿ ದೋಣಿಯಲ್ಲಿ ಒಂದೂವರೆ ಎರಡು ಗಂಟೆ, ಸರ್ಕಾರಿ ದೋಣಿಯಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಅಲ್ಲಿಂದ ನೀಲ್‌ಗೆ ಇನ್ನೊಂದು ದೋಣಿ. ನೀಲ್‌ನಿಂದ ವಾಪಸ್ ಪೋರ್ಟ್ ಬ್ಲೇರ್‌ಗೆ ಮತ್ತೊಂದು. ನಡುವೆ ಹ್ಯಾವ್‌ಲಾಕ್‌ನ ಎಲಿಫೆಂಟ್ ಬೀಚಿಗೆ ಹೋಗಿ ಬರಲು ಸಣ್ಣ ದೋಣಿ. ಆರು ದಿನದಲ್ಲಿ ಐದು ಸಲ ದೋಣಿ ಹತ್ತಿದೆವು.

ಕಾಗದದ ಮೇಲೆ ಇದು ಏನೂ ಅಲ್ಲ ಅನಿಸುತ್ತದೆ. ಜೆಟ್ಟಿಯಲ್ಲಿ ನಿಂತಾಗ ಗೊತ್ತಾಗುತ್ತದೆ. ದೋಣಿ ಸುಮ್ನೆ ನಿಲ್ಲುವುದಿಲ್ಲ, ಏಳುತ್ತದೆ, ಇಳಿಯುತ್ತದೆ, ಜೆಟ್ಟಿಗೂ ಅದಕ್ಕೂ ನಡುವಿನ ಸಂದು ಒಮ್ಮೆ ಒಂದು ಗೇಣು, ಇನ್ನೊಮ್ಮೆ ಒಂದು ಮೊಳ. ಅತ್ತೆ ಒಂದು ಕಾಲು ಮುಂದೆ ಇಟ್ಟರು, ಹಿಂದೆ ತೆಗೆದರು, ಮತ್ತೆ ಇಟ್ಟರು. ಹಿಂದೆ ಸಾಲು ನಿಂತಿದೆ. ನಾನು ಕೈ ಹಿಡಿಯಲು ಹೋದೆ. ದೋಣಿಯ ಹುಡುಗ ನನ್ನನ್ನು ತಡೆದು, ಅತ್ತೆಯ ಬೆರಳು ಹಿಡಿಯದೆ ಮೊಣಕೈ ಕೆಳಗೆ ಎರಡೂ ಕಡೆ ಗಟ್ಟಿಯಾಗಿ ಹಿಡಿದು, ದೋಣಿ ಮೇಲೇಳುವವರೆಗೆ ಕಾದು, ಜೆಟ್ಟಿಯ ಮಟ್ಟಕ್ಕೆ ಬಂದ ತಕ್ಷಣ ಕರೆದುಕೊಂಡ. ಒಂದೇ ಹೆಜ್ಜೆ, ಅಷ್ಟೇ. ಅವತ್ತಿನಿಂದ ನಾವು ಹಾಗೇ ಹಿಡಿಯುವುದು. ನೀಲ್‌ನಿಂದ ಹೊರಡುವ ದಿನ ಬೆಳಗ್ಗೆ ಅತ್ತೆ ಮೆಲ್ಲಗೆ ಕೇಳಿದರು, “ಇನ್ನೂ ಒಂದು ದೋಣಿ ಇದೆಯೇನಮ್ಮಾ?” ಆ ಮಾತು ನನಗೆ ಇವತ್ತಿಗೂ ನೆನಪಿದೆ. ಆಮೇಲಿನ ಎಲ್ಲ ಪ್ರವಾಸವನ್ನೂ ಅದೇ ಪ್ರಶ್ನೆ ಇಟ್ಟುಕೊಂಡು ಯೋಚಿಸಿದ್ದೇನೆ.

ಹಾಗಂತ ಅಂಡಮಾನ್ ಬೇಡ ಅಂತಲ್ಲ. ಹ್ಯಾವ್‌ಲಾಕ್‌ನ ರಾಧಾನಗರ ಬೀಚಿನಂಥ ಬೀಚು ಉಳಿದ ಎಲ್ಲೂ ನನಗೆ ಸಿಗಲಿಲ್ಲ. ಹಿಂದೆ ದೊಡ್ಡ ಕಾಡು, ಮುಂದೆ ಅಗಲವಾದ ಮರಳು, ಅದರಾಚೆ ಪಶ್ಚಿಮಕ್ಕೆ ತೆರೆದ ಸಮುದ್ರ. ಕಾಡಿನ ಮರಗಳ ನೆರಳಲ್ಲೇ ಇಡೀ ಮಧ್ಯಾಹ್ನ ಕಳೆಯಬಹುದು. ಆದರೆ ಅಲ್ಲಿ ಹೊತ್ತು ಬೇಗ ಇಳಿಯುತ್ತದೆ. ಗಡಿಯಾರ ಭಾರತದ್ದು, ಜಾಗ ಅಷ್ಟು ಪೂರ್ವಕ್ಕೆ, ಹಾಗಾಗಿ ಡಿಸೆಂಬರ್‌ನಲ್ಲಿ ಸಂಜೆ 5ರ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ಊಟ ಮಾಡಿ ಒಂದು ನಿದ್ದೆ ತೆಗೆದು ಹೋಗೋಣ ಅಂದುಕೊಂಡರೆ ದಿನವೇ ಮುಗಿದಿರುತ್ತದೆ. ಬೆಳಗ್ಗೆ ಬೇಗ ಎದ್ದು ಹೊರಡಿ.

ಇನ್ನೊಂದು ವಿಷಯ ಉಬ್ಬರ ಇಳಿತ. ನೀಲ್‌ನ ಭರತ್‌ಪುರ ಬೀಚಿನಲ್ಲಿ ನಾವು ಹೋದ ಹೊತ್ತಿಗೆ ಇಳಿತ, ನೀರು ಎಲ್ಲೋ ದೂರ ಹೋಗಿತ್ತು, ಕಾಲ ಕೆಳಗೆ ಬರೀ ಹವಳದ ಕಲ್ಲು. ಮಗಳಿಗೆ ಈಜಲು ಒಂದು ಹನಿ ನೀರಿಲ್ಲ. ಅದೇ ದ್ವೀಪದ ಇನ್ನೊಂದು ಕಡೆ ಇರುವ ಸಹಜ ಕಲ್ಲಿನ ಸೇತುವೆಗೆ ನಡೆದು ಹೋಗಬೇಕಾದರೆ ಮಾತ್ರ ಇಳಿತವೇ ಬೇಕು. ಉಬ್ಬರದಿಂದ ಇಳಿತಕ್ಕೆ ಸುಮಾರು ಆರು ಗಂಟೆ, ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹೋಟೆಲಿನಲ್ಲಿ ಕೇಳಿದರೆ ಅವತ್ತಿನ ಹೊತ್ತು ಹೇಳುತ್ತಾರೆ. ಅದನ್ನು ಕೇಳಿಕೊಂಡು ದಿನ ಜೋಡಿಸಿದ್ದರೆ ನಮ್ಮ ಒಂದು ಬೆಳಗ್ಗೆ ಉಳಿಯುತ್ತಿತ್ತು. ಜೊತೆಗೆ, ಸಮುದ್ರ ಒರಟಾದರೆ ದೋಣಿ ರದ್ದಾಗುತ್ತದೆ. ಮಳೆಗಾಲದಲ್ಲಿ ಇದು ಜಾಸ್ತಿ. ವಾಪಸ್ ವಿಮಾನದ ಹಿಂದಿನ ರಾತ್ರಿ ಕಡ್ಡಾಯವಾಗಿ ಪೋರ್ಟ್ ಬ್ಲೇರ್‌ನಲ್ಲೇ ಇರಿ. ಅದೇ ಹೊತ್ತಲ್ಲಿ 1906ರಲ್ಲಿ ಕಟ್ಟಿ ಮುಗಿಸಿದ ಸೆಲ್ಯುಲಾರ್ ಜೈಲನ್ನೂ ನೋಡಿದ ಹಾಗಾಗುತ್ತದೆ.

ಮುಂದಿನ ವರ್ಷ ಫೆಬ್ರವರಿಯಲ್ಲಿ ಮಾಲ್ಡೀವ್ಸ್. ನಾವು ರೆಸಾರ್ಟಿಗೆ ಹೋಗಲಿಲ್ಲ, ಜನ ವಾಸ ಮಾಡುವ ದ್ವೀಪದ ಗೆಸ್ಟ್‌ಹೌಸ್‌ನಲ್ಲಿ ಉಳಿದೆವು. 2009ರ ನಂತರ ಅಲ್ಲಿ ಇಂಥ ಗೆಸ್ಟ್‌ಹೌಸ್‌ಗಳಿಗೆ ಅನುಮತಿ ಸಿಕ್ಕಿದ್ದು, ಅಲ್ಲಿಯವರೆಗೆ ಪ್ರವಾಸಿಗರು ಅಂದರೆ ಹೆಚ್ಚಾಗಿ ರೆಸಾರ್ಟೇ. ಲೆಕ್ಕ ನೋಡಿದರೆ ಬಹಳ ಸುಲಭ: ಒಂದು ವಿಮಾನ, ಒಂದು ಸ್ಪೀಡ್‌ಬೋಟ್, ಆಮೇಲೆ ಹೊರಡುವವರೆಗೆ ಬ್ಯಾಗ್ ಎತ್ತುವ ಕೆಲಸವೇ ಇಲ್ಲ. ಏರ್‌ಪೋರ್ಟಿನ ಬಾಗಿಲು ದಾಟಿದರೆ ಎದುರಿಗೇ ಜೆಟ್ಟಿ.

ಆದರೆ ನಮಗೆ ಅಲ್ಲೇ ಎಡವಟ್ಟಾಯಿತು. ರಾತ್ರಿ 8ಕ್ಕೆ ಬೋಟ್ ಇದೆ ಅಂತ ಗೆಸ್ಟ್‌ಹೌಸ್‌ನವರು ಬರೆದಿದ್ದರು. ಬಂದು ನೋಡಿದರೆ ಅವತ್ತಿನ ಕೊನೇ ಬೋಟ್ ಎರಡು ಗಂಟೆ ಮುಂಚೆಯೇ ಹೋಗಿಬಿಟ್ಟಿದೆ. ಅವತ್ತು ಶುಕ್ರವಾರ, ಶುಕ್ರವಾರದ ವೇಳಾಪಟ್ಟಿಯೇ ಬೇರೆ. ಅತ್ತೆ ಬೆಂಚಿನ ಮೇಲೆ ಬ್ಯಾಗಿಗೆ ತಲೆಕೊಟ್ಟು ಮಲಗಿದರು, ಮಗಳು ಅವರ ಸೆರಗು ಹೊದ್ದು ಪಕ್ಕದಲ್ಲಿ. ನನಗೆ ಅಳುವೇ ಬಂತು. ಕೊನೆಗೆ ಕಾರು ಹಿಡಿದು ಹತ್ತಿರದ ಹುಲ್ಹುಮಾಲೆಯಲ್ಲಿ ಒಂದು ರಾತ್ರಿ ಕಳೆದು ಬೆಳಗ್ಗೆ ಹೊರಟೆವು. ಆದ್ದರಿಂದ ದಯವಿಟ್ಟು ನೀವು ಇಳಿಯುವ ದಿನಾಂಕ, ವಾರ ಎರಡನ್ನೂ ಬರೆದು ಅವತ್ತಿನ ಕೊನೇ ಬೋಟ್ ಎಷ್ಟಕ್ಕೆ ಅಂತ ಲಿಖಿತವಾಗಿ ಕೇಳಿ. ದೂರದ ರೆಸಾರ್ಟಿಗೆ ಹೋಗುವವರು ಇನ್ನೂ ಹುಷಾರಾಗಿರಬೇಕು, ಅಲ್ಲಿಗೆ ಹೋಗುವ ಸೀಪ್ಲೇನ್ (ನೀರಿನ ಮೇಲೆ ಇಳಿಯುವ ಸಣ್ಣ ವಿಮಾನ) ಹಾರುವುದು ಹಗಲಲ್ಲಿ ಮಾತ್ರ. ಬೋಟಿನಲ್ಲಿ ಬೆನ್ನು, ಸೊಂಟ ನೋವಿರುವವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ. ಮುಂದೆ ಕೂತರೆ ಅಲೆ ಅಲೆಗೂ ಎತ್ತಿ ಕುಕ್ಕುತ್ತದೆ.

ದ್ವೀಪ ಮುಟ್ಟಿದ ಮೇಲೆ ಮಾತ್ರ ಎಲ್ಲ ಮರೆತುಹೋಯಿತು. ಅರ್ಧ ಗಂಟೆ ನಡೆದರೆ ದ್ವೀಪವನ್ನು ಒಂದು ಸುತ್ತು ಬರಬಹುದು. ಮೊಣಕಾಲುದ್ದ ನೀರಲ್ಲಿ ಅತ್ತೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತರು, ಮೂರು ದಿನ ಅದೇ ಅವರ ಜಾಗ. ಮಂಡಿಗೆ ಹಿತವಾಗಿದೆ ಅಂದರು. ದಡದ ಹತ್ತಿರವೇ ಒಂದು ಮೊಳ ಉದ್ದದ ಮರಿ ಶಾರ್ಕುಗಳು, ಬೆನ್ನಿನ ರೆಕ್ಕೆಯ ತುದಿ ಕಪ್ಪು, ಕಾಲು ಅಲುಗಿಸಿದರೆ ಓಡುತ್ತವೆ.

ಇಲ್ಲಿ ಮಗಳ ಸ್ನಾರ್ಕೆಲ್ ಮಾಸ್ಕಿನ, ಅಂದರೆ ನೀರಿಗೆ ಮುಖ ಹಾಕಿ ಒಳಗೆ ನೋಡಲು ಹಾಕುವ ಮಾಸ್ಕಿನ ಕತೆ ಹೇಳಲೇಬೇಕು. ಅಂಡಮಾನ್‌ನಲ್ಲಿ ಅವರು ಕೊಟ್ಟಿದ್ದು ದೊಡ್ಡವರ ಮಾಸ್ಕು. ಕೆನ್ನೆಯ ಪಕ್ಕದಿಂದ ನೀರು ನುಗ್ಗಿ, ಉಪ್ಪುನೀರು ಮೂಗಿಗೆ ಹೋಗಿ, ಅವಳು ಅತ್ತು ಮತ್ತೆ ನೀರಿಗೆ ಮುಖ ಹಾಕಲಿಲ್ಲ. ಮಾಲ್ಡೀವ್ಸ್‌ಗೆ ಹೊರಡುವ ಮುಂಚೆ ಮಕ್ಕಳ ಅಳತೆಯದು ಕೊಂಡೆವು. ನೋಡುವುದು ಸುಲಭ: ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರು ಎಳೆದುಕೊಂಡು ಕೈ ಬಿಡಬೇಕು. ಬೀಳದೆ ಅಂಟಿಕೊಂಡು ನಿಂತರೆ ಅದು ನಿಮ್ಮದು. ಕೂದಲು ಒಳಗೆ ಸಿಕ್ಕಿರಬಾರದು. ಲೈಫ್ ಜಾಕೆಟ್ ಹಾಕಿ, ಅಪ್ಪನ ಕೈ ಹಿಡಿದು ಮುಖ ಮುಳುಗಿಸಿದವಳು ಎರಡು ನಿಮಿಷ ತಲೆ ಎತ್ತಲೇ ಇಲ್ಲ. ಎದ್ದು ಬಂದು, “ಅಮ್ಮಾ, ಮೀನು ಕಲ್ಲು ಕಡಿಯೋದು ಕೇಳಿಸ್ತು” ಅಂದಳು. ನಿಜ, ಗಿಳಿಮೀನು ಹವಳವನ್ನು ಕಟಕಟ ಅಂತ ಕಡಿಯುವುದು ನೀರೊಳಗೆ ಕೇಳಿಸುತ್ತದೆ. ಅದು ಕಡಿದು ಹೊರಗೆ ಹಾಕಿದ್ದೇ ಅಲ್ಲಿನ ಬಿಳಿ ಮರಳಿನ ಒಂದು ದೊಡ್ಡ ಪಾಲು. ಇದನ್ನು ಹೇಳಿದ ಮೇಲೆ ಮಗಳು ಮರಳನ್ನು ಮುಷ್ಟಿಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

ಕೊರತೆ ಏನು ಅಂದರೆ, ಮೂರನೇ ದಿನದ ಹೊತ್ತಿಗೆ ನಮ್ಮನೆಯವರಿಗೆ ಬೇಸರ ಶುರುವಾಯಿತು. ನೋಡಲು ಬೇರೆ ಏನೂ ಇಲ್ಲ. ಜನರ ದ್ವೀಪದಲ್ಲಿ ಈಜುಡುಗೆ ಹಾಕಿಕೊಳ್ಳಲು ಬೇರೆ ಬೀಚು ಗುರುತು ಮಾಡಿರುತ್ತಾರೆ, ಉಳಿದ ಕಡೆ ಮೈತುಂಬ ಬಟ್ಟೆ ಇರಬೇಕು, ಮದ್ಯ ಇಲ್ಲ. ನಮಗೆ ಇದರಿಂದ ಏನೂ ತೊಂದರೆ ಆಗಲಿಲ್ಲ. ರಂಜಾನ್ ತಿಂಗಳಲ್ಲಿ ಹಗಲು ಬಹಳಷ್ಟು ಊಟದ ಜಾಗಗಳು ಮುಚ್ಚಿರುತ್ತವೆ, ತಾರೀಖು ನೋಡಿಕೊಳ್ಳಿ. ನನ್ನ ನಿಜವಾದ ಆತಂಕ ಬೇರೆ: ಸಣ್ಣ ದ್ವೀಪದಲ್ಲಿ ಇರುವುದು ಸಣ್ಣ ಆರೋಗ್ಯ ಕೇಂದ್ರ, ದೊಡ್ಡ ಆಸ್ಪತ್ರೆ ಬೇಕೆಂದರೆ ಮತ್ತೆ ಬೋಟ್. ಹ್ಯಾವ್‌ಲಾಕ್‌ನಲ್ಲೂ ಇದೇ ಪರಿಸ್ಥಿತಿ. ಅತ್ತೆಯ ಮಾತ್ರೆಗಳನ್ನು ಎರಡು ಪಾಲು ಮಾಡಿ ಎರಡು ಬ್ಯಾಗಿನಲ್ಲಿ ಇಟ್ಟಿದ್ದೆ.

ಬಾಲಿಯ ಬಗ್ಗೆ ಎರಡೇ ಮಾತು. ಅದು ಚೆಂದದ ಜಾಗ, ಆದರೆ ಸಮುದ್ರಕ್ಕಾಗಿ ಹೋಗುವ ಜಾಗ ಅಲ್ಲ ಅನ್ನುವುದು ನನ್ನ ಅನಿಸಿಕೆ. ಕುಟಾ ಬೀಚಿನಲ್ಲಿ ಅಲೆ ಜೋರು, ಸಣ್ಣ ಮಕ್ಕಳಿಗೆ ಸಾನೂರ್ ಬೀಚೇ ಮೇಲು. ಉಬುದ್‌ನ ಗದ್ದೆ, ದೇವಸ್ಥಾನ ಅತ್ತೆಗೆ ತುಂಬಾ ಹಿಡಿಸಿದವು. ಆದರೆ ದಿನದ ಅರ್ಧ ಕಾರಿನಲ್ಲೇ ಕಳೆಯಿತು, ಟ್ರಾಫಿಕ್ ಅಷ್ಟಿದೆ. ನ್ಯೇಪಿ ಅನ್ನುವ ಮೌನದ ದಿನ ಏರ್‌ಪೋರ್ಟೇ 24 ಗಂಟೆ ಮುಚ್ಚಿರುತ್ತದೆ, ಸಾಮಾನ್ಯವಾಗಿ ಮಾರ್ಚ್‌ನಲ್ಲಿ ಬರುತ್ತದೆ.

ಕೊನೆಗೆ ಮಾರಿಷಸ್. ಆಗಸ್ಟ್‌ನಲ್ಲಿ ಹೋದೆವು. ಅದು ಭೂಮಧ್ಯರೇಖೆಯ ದಕ್ಷಿಣಕ್ಕೆ ಇರುವುದರಿಂದ ಆಗ ಅಲ್ಲಿ ಚಳಿಗಾಲ, ಚಂಡಮಾರುತದ ಕಾಲ ಮುಖ್ಯವಾಗಿ ನವೆಂಬರ್‌ನಿಂದ ಏಪ್ರಿಲ್. ಏರ್‌ಪೋರ್ಟ್ ಆಗ್ನೇಯ ಮೂಲೆಯಲ್ಲಿದೆ, ಉತ್ತರದ ಬೀಚುಗಳಿಗೆ ಕಾರಿನಲ್ಲಿ ಒಂದು ಗಂಟೆಗೂ ಜಾಸ್ತಿ. ಆದರೆ ಕಾರು ಅಷ್ಟೇ. ಒಂದು ಸಲ ಡಿಕ್ಕಿಗೆ ಹಾಕಿದ ಬ್ಯಾಗನ್ನು ರೂಮಿನ ಬಾಗಿಲಲ್ಲಿ ಇಳಿಸಿದೆವು. ಅತ್ತೆ ಹೊರಗಡೆ ನೋಡುತ್ತಾ, “ದೋಣಿ ಎಲ್ಲಿ?” ಅಂದರು. ಇಲ್ಲ ಅಂದೆ. ಅವರು ನಕ್ಕಿದ್ದು ನೋಡಬೇಕಿತ್ತು.

ದ್ವೀಪದ ಸುತ್ತ ಬಹುಪಾಲು ಹವಳದ ದಿಬ್ಬ ಬೇಲಿಯ ಹಾಗೆ ನಿಂತಿದೆ. ದೊಡ್ಡ ಅಲೆ ಅಲ್ಲೇ ಒಡೆದು, ಒಳಗೆ ನೀರು ಕೆರೆಯ ಹಾಗೆ ಇರುತ್ತದೆ. ಉಬ್ಬರ ಇಳಿತವೂ ಅರ್ಧ ಮೀಟರ್ ಆಸುಪಾಸು ಅಷ್ಟೇ, ಗಡಿಯಾರ ನೋಡುವ ಕೆಲಸವಿಲ್ಲ. ಬೇಲಿ ಇಲ್ಲದ ಕಡೆ ಹೇಗಿರುತ್ತದೆ ಅಂತ ನೋಡಬೇಕಾದರೆ ದಕ್ಷಿಣದ ಗ್ರಿ ಗ್ರಿಗೆ ಹೋಗಿ, ಬಂಡೆಗೆ ಅಲೆ ಬಡಿಯುವುದನ್ನು ದೂರದಿಂದ ನೋಡಿ, ನೀರಿಗೆ ಮಾತ್ರ ಇಳಿಯಬೇಡಿ.

ನಾವು ಮಾಡಿದ ತಪ್ಪು, ಮೊದಲ ಎರಡು ದಿನ ಪೂರ್ವ ತೀರದ ಬೆಲ್ ಮಾರ್‌ನಲ್ಲಿ ರೂಮು ಮಾಡಿದ್ದು. ಆಗಸ್ಟ್‌ನಲ್ಲಿ ಆ ಕಡೆಯಿಂದಲೇ ಗಾಳಿ. ಮರಳು ಕಣ್ಣಿಗೆ ಹೊಡೆಯುತ್ತದೆ, ಟವೆಲ್ ಹಾರುತ್ತದೆ. ವಾಯವ್ಯದ ತ್ರೂ ಓ ಬಿಶ್‌ಗೆ ಬಂದ ಮೇಲೆ ಅದೇ ದ್ವೀಪವಾ ಇದು ಅನಿಸಿತು. ಗಾಳಿಮರದ ನೆರಳು, ತಿಳಿ ನೀರು. ಆದರೆ ಆ ತಿಂಗಳಲ್ಲಿ ನೀರು ತಣ್ಣಗೆ, ಸುಮಾರು 23 ಡಿಗ್ರಿ. ಅರ್ಧ ಗಂಟೆಗೆ ಮಗಳ ತುಟಿ ನಡುಗುತ್ತಿತ್ತು. ಮಾಲ್ಡೀವ್ಸ್‌ನ ಬೆಚ್ಚನೆ ನೀರಲ್ಲಿ ಅವಳನ್ನು ಹೊರಗೆ ಕರೆಯುವುದೇ ಕಷ್ಟವಾಗಿತ್ತು. ಅಕ್ಟೋಬರ್ ಅಥವಾ ಮೇ ಆರಿಸಿಕೊಂಡರೆ ಗಾಳಿಯೂ ಕಡಿಮೆ, ನೀರೂ ಸ್ವಲ್ಪ ಬೆಚ್ಚಗಿರುತ್ತದೆ. ನೀರಿನ ತಳದಲ್ಲಿ ಮುಳ್ಳುಚೆಂಡಿನಂಥ ಜೀವಿಗಳಿವೆ (ಸೀ ಅರ್ಚಿನ್), ರಬ್ಬರಿನ ನೀರಿನ ಶೂ ಇಲ್ಲದೆ ಯಾರೂ ಇಳಿಯಬಾರದು.

ಬೀಚು ಸಾಕಾದ ದಿನ ಮಾಡಲು ಈ ಮೂರರಲ್ಲಿ ಹೆಚ್ಚು ಇರುವುದು ಇಲ್ಲೇ. ಪಾಂಪ್ಲಮೂಸ್ ತೋಟದಲ್ಲಿ ತಟ್ಟೆಯ ಹಾಗೆ ಅಂಚು ಮೇಲೆದ್ದ ದೊಡ್ಡ ನೈದಿಲೆ ಎಲೆ ನೋಡಿದೆವು. ರಾಜಧಾನಿ ಪೋರ್ಟ್ ಲೂಯಿಯ ಆಪ್ರವಾಸಿ ಘಾಟ್‌ಗೆ ಹೋದೆವು. 1834ರಿಂದ 1920ರವರೆಗೆ ಭಾರತದಿಂದ ಕಬ್ಬಿನ ಗದ್ದೆಯ ಕೂಲಿಗೆ ಬಂದ ಸುಮಾರು 5 ಲಕ್ಷ ಜನ ಹಡಗಿಳಿದು ದಾಟಿದ ಜಾಗ ಅದು. ಉಳಿದಿರುವುದು ಒಂದಿಷ್ಟು ಕಲ್ಲಿನ ಕೋಣೆಗಳು, 16 ಮೆಟ್ಟಿಲು. ಅತ್ತೆ ಮೆಟ್ಟಿಲ ಬುಡದಲ್ಲಿ ನಿಂತು, “ಇವರಿಗೆ ವಾಪಸ್ ದೋಣಿ ಇತ್ತೇನೋ” ಅಂದರು. ಕೆಲವರು ಹೋದರು, ಬಹಳ ಜನ ಇಲ್ಲೇ ಉಳಿದರು ಅಂತ ಹೇಳಿದೆ. ಅವರು ಚಪ್ಪಲಿ ಬಿಟ್ಟು ಮೊದಲ ಮೆಟ್ಟಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಖರ್ಚಿನ ಲೆಕ್ಕವನ್ನೂ ತಲೆ ಲೆಕ್ಕದಲ್ಲಿ ನೋಡಿ. ಅಂಡಮಾನ್‌ನಲ್ಲಿ, ಮಾಲ್ಡೀವ್ಸ್‌ನಲ್ಲಿ ದೋಣಿಗೆ ತಲೆಗೆ ಇಷ್ಟು ಅಂತ ಕೊಡಬೇಕು, ಜನ ಹೆಚ್ಚಾದಷ್ಟೂ ಏರುತ್ತದೆ. ಮಾರಿಷಸ್‌ನಲ್ಲಿ ಕಾರು ನಾಲ್ವರಿಗೂ ಒಂದೇ.

ಈಗ ಮತ್ತೆ ಹೊರಡುವ ಯೋಚನೆ ಇದೆ, ಈ ಸಲ ಎರಡು ಬೇರೆ ಬೇರೆ ಪ್ರವಾಸ. ಅತ್ತೆಯ ಜೊತೆ ಅಕ್ಟೋಬರ್‌ನಲ್ಲಿ ಮಾರಿಷಸ್, ಪೂರ್ತಿ ವಾಯವ್ಯ ತೀರದಲ್ಲೇ. ಇನ್ನೊಂದು ಅಪ್ಪ ಮಗಳದ್ದು. ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಹೊತ್ತು ನೀರೊಳಗೆ ಈಜುವುದನ್ನು ಕಲಿಯಲು ಸಾಮಾನ್ಯವಾಗಿ 10 ವರ್ಷ ಆಗಿರಬೇಕು, ಅವಳಿಗೆ ಮುಂದಿನ ಜನವರಿಗೆ ತುಂಬುತ್ತದೆ, ಹ್ಯಾವ್‌ಲಾಕ್‌ಗೆ ಹೋಗಬೇಕಂತೆ. ಹಳೆಯ ಮಾಸ್ಕನ್ನು ನಿನ್ನೆ ಮುಖಕ್ಕೆ ಹಿಡಿದು ಉಸಿರೆಳೆದು ನೋಡಿದಳು. ನಿಲ್ಲಲಿಲ್ಲ, ಮುಖ ಬೆಳೆದಿದೆ. ಹೊಸದು ಕೊಳ್ಳಬೇಕು.