ಸವಳು ನೆಲ, ಅದರ ಮೇಲೆ ಇಂಜಿನ್ ಆಯಿಲ್: ಹುಲ್ಲು ಬೆಳೆಸಿ ಮಣ್ಣು ಸರಿ ಮಾಡುವವರ ಕೆಲಸ ಹೇಗಿತ್ತು?

ಕಾರಟಗಿ, ಗಂಗಾವತಿ, ಸಿಂಧನೂರು ಕಡೆ ಹಳೆ ಗ್ಯಾರೇಜ್ ಜಾಗ, ಡೀಸೆಲ್ ಟ್ಯಾಂಕ್ ಇದ್ದ ಜಾಗ, ಮುಚ್ಚಿಹೋದ ರೈಸ್ ಮಿಲ್ ಹಿತ್ತಲು ಇಟ್ಟುಕೊಂಡವರಿಗೆ ಉಪಯೋಗಕ್ಕೆ ಬರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಎಣ್ಣೆ ಬಿದ್ದ ಮಣ್ಣನ್ನು ಇಂಧನದ ಬೆಳೆ (ಉರುವಲಿಗೋ ಬಯೋಡೀಸೆಲಿಗೋ ಆಗುವ ಬೆಳೆ) ಹಾಕಿ ಸುಧಾರಿಸಿ ಕೊಡುವ ಹುಡುಗರ ತಂಡ ಒಂದಿದೆ. ಕೃಷಿ ಓದಿದವರು, ರಾಯಚೂರಿನಿಂದ ಬರುತ್ತಾರೆ. ನಮ್ಮ ಟ್ರ್ಯಾಕ್ಟರ್ ಗ್ಯಾರೇಜಿನ ಹಿಂದಿನ ಅರ್ಧ ಎಕರೆಯನ್ನು ಅವರ ಕೈಗೆ ಕೊಟ್ಟಿದ್ದೆ. ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಡಿಮೆ ಕೊಟ್ಟದ್ದಕ್ಕೆ ಕಾರಣವಿದೆ, ಅದನ್ನೂ ಹೇಳುತ್ತೇನೆ.

ಗ್ಯಾರೇಜ್ ಅಪ್ಪ ಶುರು ಮಾಡಿದ್ದು. ಗಾಡಿಯಿಂದ ಇಳಿಸಿದ ಹಳೆ ಆಯಿಲ್, ಪಾರ್ಟ್ಸ್ ತೊಳೆದ ಡೀಸೆಲ್, ಗ್ರೀಸ್ ಎಲ್ಲಾ ಹಿಂದಿನ ತಗ್ಗಿಗೆ ಹರಿಯುತ್ತಿತ್ತು. ಆ ಕಾಲಕ್ಕೆ ಎಲ್ಲ ಗ್ಯಾರೇಜಿನಲ್ಲೂ ಅದೇ ರೂಢಿ. ಇತ್ತ ತುಂಗಭದ್ರಾ ಎಡದಂಡೆ ಕಾಲುವೆ ನೀರಿಗೆ ಸುತ್ತಲೂ ಭತ್ತ. ಮೇಲಿನ ಗದ್ದೆಗಳ ಬಸಿನೀರು ಇಳಿದು ಬಂದು ಅದೇ ತಗ್ಗಿನಲ್ಲಿ ನಿಲ್ಲುತ್ತಿತ್ತು. ಬೇಸಿಗೆಯಲ್ಲಿ ನೋಡಿದರೆ ಒಂದು ಕಡೆ ಕಪ್ಪು ಜಿಡ್ಡು, ಇನ್ನೊಂದು ಕಡೆ ಉಪ್ಪಿನ ಬಿಳಿ ಪೊರೆ. ಬಳ್ಳಾರಿ ಜಾಲಿ ಕೂಡ ಅಂಚಿನಲ್ಲಿ ಮಾತ್ರ ಹುಟ್ಟುತ್ತಿತ್ತು. ಜಾಲಿಯೇ ಬೇಡ ಅಂದ ಮಣ್ಣು ಅಂದ್ರೆ ನೋಡಿ.

ಹುಡುಗರು ಬಂದವರೇ ಬೆಳೆಯ ಮಾತು ಎತ್ತಲಿಲ್ಲ. ಒಬ್ಬ ಒಂದು ಹೆಂಟೆ ಎತ್ತಿಕೊಂಡು, ಬಾಟಲಿಯಿಂದ ಅದರ ಮೇಲೆ ಒಂದು ಹನಿ ನೀರು ಬಿಟ್ಟ. ಹನಿ ಒಳಗೆ ಇಳಿಯಲಿಲ್ಲ. ಮಣಿಯ ಹಾಗೆ ದುಂಡಗೆ ಮೇಲೇ ನಿಂತಿತು. ಕೈ ವಾಲಿಸಿದಾಗ ಧೂಳು ಹತ್ತಿಸಿಕೊಂಡು ಉರುಳಿ ಬಿತ್ತು. "ನೋಡ್ರಿ ಕಾಕಾ, ನೀರೇ ಒಳಗ ಹೋಗಂಗಿಲ್ಲ. ಬೇರು ಎಲ್ಲಿಂದ ಕುಡೀಬೇಕು?" ಎಂದ. ನಾನು, "ಹಂಗಾದ್ರ ಏನ್ ಹಾಕ್ತೀಯೋ ತಮ್ಮಾ?" ಅಂದೆ. "ಮೊದಲ ಉಪ್ಪು ಹೊರಗ ಹೋಗ್ಲಿ, ಆಮ್ಯಾಲೆ ಹುಲ್ಲಿನ ಮಾತು" ಅಂದ. ನನಗೆ ಅವರ ಮೇಲೆ ನಂಬಿಕೆ ಬಂದದ್ದು ಅಲ್ಲಿಯೇ.

ಯಾಕೆಂದರೆ ಈ ಕೆಲಸದಲ್ಲಿ ಮುಕ್ಕಾಲು ಪಾಲು ಉಪ್ಪಿನದೇ. ಮಣ್ಣಿನಲ್ಲಿ ಉಪ್ಪು ಎಷ್ಟಿದೆ ಎಂದು ತೋರಿಸುವ ಅಳತೆಗೆ ಇ.ಸಿ. ಅನ್ನುತ್ತಾರೆ; ಅದು 4 ದಾಟಿದರೆ ಸವಳು. ನಮ್ಮದು 6ರ ಮೇಲಿತ್ತು. ಪಿಎಚ್ ಕೂಡ 8.5 ದಾಟಿತ್ತು, ಅಂದರೆ ಸೋಡಿಯಂ ಕಾಟವೂ ಇತ್ತು. ಭತ್ತ 3ಕ್ಕೇ ಸೋಲಲು ಶುರು ಮಾಡುತ್ತದೆ. ಜೋಳದ ಜಾತಿ 6.8ರವರೆಗೆ ತಡೆಯುತ್ತದೆ. ಎಣ್ಣೆ ಒಡೆಯುವ ಸೂಕ್ಷ್ಮಜೀವಿಗಳಿಗೂ ಜಾಸ್ತಿ ಉಪ್ಪು ಆಗಿಬರುವುದಿಲ್ಲ. ಇದನ್ನು ಬಿಟ್ಟು ನೇರವಾಗಿ ಹುಲ್ಲು ನೆಟ್ಟರೆ ದುಡ್ಡು ಸುಮ್ನೆ ಮಣ್ಣಿಗೆ ಹೋಗುತ್ತದೆ.

ಗಟ್ಟಿ ಟಾರಿನಂತೆ ಕೂತಿದ್ದ ಮೇಲ್ಪದರವನ್ನು ಮೊದಲು ಕೆರೆದು ಬೇರೆ ಮಾಡಿದರು. ಅಷ್ಟು ದಪ್ಪ ಎಣ್ಣೆಯಲ್ಲಿ ಯಾವ ಬೇರೂ ಬದುಕುವುದಿಲ್ಲ. ಆಮೇಲೆ ತಗ್ಗಿನ ಕಡೆಗೆ ಬಸಿಗಾಲುವೆ ತೋಡಿಸಿದರು. ಬಸಿದ ನೀರು ಹಳ್ಳಕ್ಕಾಗಲಿ ಪಕ್ಕದವರ ಗದ್ದೆಗಾಗಲಿ ಹೋಗದಂತೆ ನಮ್ಮ ಜಾಗದಲ್ಲೇ ಒಂದು ಗುಂಡಿ. ಜಿಪ್ಸಂ ಹಾಕಿ, ನೀರು ಕಟ್ಟಿ, ಬಸಿಯಲು ಬಿಟ್ಟರು. ಜಿಪ್ಸಂನಲ್ಲಿರುವ ಕ್ಯಾಲ್ಸಿಯಂ ಮಣ್ಣಿಗೆ ಅಂಟಿದ ಸೋಡಿಯಂ ಅನ್ನು ಬಿಡಿಸುತ್ತದೆ, ಬಿಟ್ಟದ್ದನ್ನು ನೀರು ಹೊತ್ತು ಹೋಗುತ್ತದೆ. ಹೋಗಲು ದಾರಿಯೇ ಇಲ್ಲದಿದ್ದರೆ ಬೇಸಿಗೆಗೆ ಅದೇ ಉಪ್ಪು ಮತ್ತೆ ಮೇಲೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಮಣ್ಣಿನ ಮೇಲೆಯೇ ಕೆಲಸ ಮಾಡುವ ವಿಭಾಗವಿದೆ. ನಿಮ್ಮ ಜಾಗದಲ್ಲಿ ಬರೀ ಸವಳಿದ್ದು ಎಣ್ಣೆ ಇಲ್ಲದಿದ್ದರೆ ಮೊದಲು ಅಲ್ಲಿ ಹೋಗಿ ಕೇಳಿ. ಈ ಹುಡುಗರಿಗೆ ದುಡ್ಡು ಕೊಡುವ ಅಗತ್ಯವಿಲ್ಲ.

ತಿಪ್ಪೆ ಗೊಬ್ಬರ ಎರಡು ಟ್ರ್ಯಾಲಿ, ಮೇಲೆ ಸ್ವಲ್ಪ ಯೂರಿಯಾ. ಯೂರಿಯಾ ಹುಲ್ಲಿಗಷ್ಟೇ ಅಲ್ಲ. ಎಣ್ಣೆ ಎಂದರೆ ಹೆಚ್ಚೂಕಡಿಮೆ ಬರೀ ಇಂಗಾಲ, ಹೈಡ್ರೋಜನ್. ಅದನ್ನು ತಿನ್ನುವ ಜೀವಿಗಳಿಗೆ ಸಾರಜನಕ ಹೊರಗಿನಿಂದಲೇ ಕೊಡಬೇಕು. ಹುಲ್ಲೇ ಎಣ್ಣೆ ಕುಡಿಯುತ್ತದೆ ಎಂದು ತುಂಬಾ ಜನ ಅಂದುಕೊಂಡಿದ್ದಾರೆ, ಹಾಗಲ್ಲ. ಬೇರಿನಿಂದ ಸಕ್ಕರೆಯಂಥ ರಸ ಜಿನುಗುತ್ತಿರುತ್ತದೆ. ಅದಕ್ಕೆ ಸೂಕ್ಷ್ಮಜೀವಿಗಳು ಬೇರಿನ ಸುತ್ತ ಮುತ್ತುತ್ತವೆ, ಜೊತೆಗೆ ಎಣ್ಣೆಯನ್ನೂ ಒಡೆಯುತ್ತವೆ. ಬೇರು ಇಳಿದ ದಾರಿಯಲ್ಲಿ ಗಾಳಿಯೂ ಇಳಿಯುತ್ತದೆ. ನಮ್ಮ ಎರೆಮಣ್ಣಿಗೆ ಅದೇ ದೊಡ್ಡ ಉಪಕಾರ.

ದೆಹಲಿಯ ಟೇರಿ ಸಂಸ್ಥೆ ಆಯಿಲ್‌ಝ್ಯಾಪರ್ ಎಂಬ ಬ್ಯಾಕ್ಟೀರಿಯಾ ಮಿಶ್ರಣ ತಯಾರಿಸಿದೆ. ತೈಲ ಕಂಪನಿಗಳ ಎಣ್ಣೆ ಕೆಸರಿಗೆ ಅದನ್ನು ಬಳಸಿದ್ದಾರೆ. ಅಂಥದ್ದು ತರಿಸೋಣವಾ ಎಂದು ಕೇಳಿದೆ. ಇಷ್ಟು ವರ್ಷ ಎಣ್ಣೆ ಬಿದ್ದ ಮಣ್ಣಿನಲ್ಲಿ ಎಣ್ಣೆ ತಿನ್ನುವ ಜೀವಿಗಳು ಆಗಲೇ ಇರುತ್ತವೆ, ಅವುಗಳಿಗೆ ಗಾಳಿ, ತೇವ, ಗೊಬ್ಬರ ಕೊಟ್ಟು ನೋಡೋಣ ಅಂದರು. ಹೂಂ ಎಂದಿದ್ದರೆ ಬಿಲ್ ಏರಿಸಬಹುದಿತ್ತು. ಏರಿಸಲಿಲ್ಲ.

ಜಾಗದ ನಡುವೆ ಹೈಬ್ರಿಡ್ ನೇಪಿಯರ್ ಎಂಬ ಎತ್ತರದ ಹುಲ್ಲು, ಬಸಿಗಾಲುವೆಯ ಗುಂಟ ಲಾವಂಚ, ಬೇಲಿಗೆ ಹೊಂಗೆ. ಹೊಂಗೆ ಉಪ್ಪು ತಡೆಯುತ್ತದೆ, ಸಾರಜನಕ ತಾನೇ ಹಿಡಿಯುತ್ತದೆ, ಬೀಜದಿಂದ ಬಯೋಡೀಸೆಲ್ ಆಗುತ್ತದೆ. ಒಂದು ಪಟ್ಟಿಗೆ ಗೊಬ್ಬರ ಮಾತ್ರ ಹಾಕಿ ಏನೂ ನೆಡದೆ ಬಿಟ್ಟರು. ಜಾಗ ಸುಮ್ನೆ ಖಾಲಿ ಯಾಕೆ ಎಂದು ಆಗ ಅನಿಸಿತ್ತು. ಈಗ ಅದೇ ಪಟ್ಟಿ ನನಗೆ ಸಾಕ್ಷಿ.

ನೆಡಲು ತಂದ ನೇಪಿಯರ್‌ನ ಮೊದಲ ಕಂತಿನ ಕಡ್ಡಿಗಳು ಒಣಗಿ ಬಂದಿದ್ದವು. ಅರ್ಧ ಚಿಗುರಲೇ ಇಲ್ಲ. ಫೋನ್ ಮಾಡಿದ ಮೇಲೆ ಹೊಸ ಕಡ್ಡಿ ತಂದು ತಾವೇ ನೆಟ್ಟು ಹೋದರು, ದುಡ್ಡು ಕೇಳಲಿಲ್ಲ. ಅದನ್ನು ನಾನು ತಪ್ಪಿನ ಲೆಕ್ಕಕ್ಕೆ ಹಿಡಿದಿಲ್ಲ.

ಮಳೆಗಾಲ ಕಳೆದು ಹುಲ್ಲು ಆಳೆತ್ತರ ನಿಂತಾಗ ಪಕ್ಕದ ಮನೆಯ ಅಕ್ಕ ಬಂದು, "ಏನಣ್ಣ, ಇಂಥಾ ಹಸಿರು ಮೇವು ಬೆಂಕಿಗೆ ಹಾಕ್ತೀಯಾ? ನಮ್ಮ ಎಮ್ಮಿಗೆ ಎರಡು ಹೊರೆ ಕೊಡು" ಎಂದು ಕೇಳಿದರು. ಕೊಡಲಿಲ್ಲ, ಕೊಡಬಾರದು ಕೂಡ. ಹಳೆ ಇಂಜಿನ್ ಆಯಿಲ್‌ನಲ್ಲಿ ಸೀಸ, ಸತುವಿನಂಥ ಲೋಹ ಇರುತ್ತವೆ. ಎಣ್ಣೆ ಒಡೆದು ಹೋದರೂ ಲೋಹ ಒಡೆಯುವುದಿಲ್ಲ, ಹುಲ್ಲಿಗೂ ಸ್ವಲ್ಪ ಏರಬಹುದು. ಅಲ್ಲಿಂದ ಹಾಲಿಗೆ ಬಂದರೆ? ಮೇವಿಗೆ ಬೇಡ, ಮನೆ ಒಲೆಗೆ ಬೇಡ, ಬೂದಿ ಗದ್ದೆಗೆ ಬೇಡ ಎಂದು ಈ ಹುಡುಗರು ಬರೆದೇ ಕೊಟ್ಟಿದ್ದರು. ಅಕ್ಕನಿಗೆ ಆ ಕಾಗದ ಓದಿ ಹೇಳಿದೆ. ಅವರಿಗೆ ಅರ್ಥವಾಯಿತು, ಆದರೂ ನನಗೆ ಮನಸ್ಸಿಗೆ ಸಂಕಟವಾಯಿತು. ಬೇಸಿಗೆಯಲ್ಲಿ ಮೇವಿನ ಬೆಲೆ ಏನೆಂದು ನಮಗೆ ಗೊತ್ತಲ್ವಾ.

ಫಲಿತಾಂಶಕ್ಕೆ ಬರುತ್ತೇನೆ. ನೇಪಿಯರ್ ಬೆಳೆದ ಕಡೆ ಗುದ್ದಲಿ ಹಾಕಿದರೆ ಈಗ ಮಣ್ಣು ಪುಡಿಯಾಗಿ ಬೀಳುತ್ತದೆ. ಬೇರಿನ ಸುತ್ತ ಎರೆಯ ಬಣ್ಣ ಮರಳಿದೆ, ಡೀಸೆಲ್ ವಾಸನೆ ಹೋಗಿದೆ, ನೀರಿನ ಹನಿ ಹಾಕಿದ ಕೂಡಲೇ ಇಂಗುತ್ತದೆ. ಖಾಲಿ ಬಿಟ್ಟ ಪಟ್ಟಿಯಲ್ಲೂ ವಾಸನೆ ಕಡಿಮೆಯಾಗಿದೆ, ಆದರೆ ಹೆಂಟೆ ಇನ್ನೂ ಜಿಡ್ಡು. ಲ್ಯಾಬ್ ವರದಿಯಲ್ಲೂ ಅದೇ ಬಂತು: ಹುಲ್ಲಿನ ಕಡೆ ಎಣ್ಣೆ ಅಂಶ ಅರ್ಧಕ್ಕಿಂತ ಕೆಳಗೆ ಇಳಿದಿದೆ, ಖಾಲಿ ಪಟ್ಟಿಯಲ್ಲಿ ಇಳಿದದ್ದು ತುಂಬಾ ಕಡಿಮೆ. ಇದು ಮೇಲಿನ ಒಂದಡಿಯ ಲೆಕ್ಕ ಮಾತ್ರ. ಎರೆಭೂಮಿ ಬೇಸಿಗೆಯಲ್ಲಿ ಬಿರಿಯುತ್ತದೆ, ಬಿರುಕಿನಲ್ಲಿ ಇಳಿದ ಎಣ್ಣೆ ಕೆಳಗೆ ಇದ್ದೇ ಇದೆ. ಡೀಸೆಲಿನಂಥ ತೆಳು ಎಣ್ಣೆ ಬೇಗ ಹೋಗುತ್ತದೆ, ಗ್ರೀಸು ಮತ್ತು ಗಟ್ಟಿ ಆಯಿಲ್ ವರ್ಷಗಟ್ಟಲೆ ಹಿಡಿಯುತ್ತದೆ. ಒಂದೇ ಹಂಗಾಮಿನಲ್ಲಿ ಸೈಟ್ ಕ್ಲೀನ್ ಮಾಡಿ ಮಾರುವ ಆಸೆ ಇದ್ದವರು ಈ ದಾರಿಗೆ ಬರಬೇಡಿ.

ಈಗ ಒಂದು ಸ್ಟಾರ್ ಕಡಿಮೆಯಾದ ಕಾರಣ. ಮೊದಲನೆಯದು ಎಣ್ಣೆಯ ಪರೀಕ್ಷೆ. ಉಪ್ಪು, ಪಿಎಚ್ ಪರೀಕ್ಷೆ ಅವರ ಪ್ಯಾಕೇಜಿನಲ್ಲೇ ಇದೆ. ಎಣ್ಣೆ ಅಂಶದ ಪರೀಕ್ಷೆ ಬೇರೆ ಊರಿನ ಖಾಸಗಿ ಲ್ಯಾಬಿಗೆ ಹೋಗುತ್ತದೆ, ಅದರ ಖರ್ಚು ನಮ್ಮದು. ಇದನ್ನು ಮೊದಲೇ ಹೇಳಲಿಲ್ಲ. ಸ್ಯಾಂಪಲ್ ಕಳಿಸುವ ದಿನ ಹೇಳಿದರು. ಆ ಪರೀಕ್ಷೆ ಇಲ್ಲದೆ ಇವರ ಕೆಲಸ ಆಗಿದೆಯೋ ಇಲ್ಲವೋ ತಿಳಿಯುವುದೇ ಇಲ್ಲ, ಹಾಗಿರುವಾಗ ಅದು ಪ್ಯಾಕೇಜಿನ ಹೊರಗೆ ಇರುವುದು ಸರಿಯಲ್ಲ.

ಎರಡನೆಯದು ಹುಲ್ಲಿನ ಮಾರಾಟ. ಇಂಧನದ ಬೆಳೆ, ಕಟಾವಿನ ದುಡ್ಡಿನಲ್ಲಿ ಖರ್ಚು ವಾಪಸ್ ಬರುತ್ತದೆ ಎಂದಿದ್ದರು. ನಮ್ಮದು ಭತ್ತದ ನಾಡು. ಮಿಲ್ ಬಾಯ್ಲರುಗಳು ಹೊಟ್ಟಿನ ಮೇಲೆ ಓಡುತ್ತವೆ, ಹೊಟ್ಟು ಅವರ ಅಂಗಳದಲ್ಲೇ ಬಿದ್ದಿರುತ್ತದೆ. ಹಸಿ ಹುಲ್ಲು ಕಡಿದು, ಒಣಗಿಸಿ, ಚೂರು ಮಾಡಿ, ಗಾಡಿ ಬಾಡಿಗೆ ಕೊಟ್ಟು ಒಯ್ದರೆ ಯಾರು ಯಾಕೆ ರೇಟ್ ಕೊಡುತ್ತಾರೆ? ಕೊನೆಗೆ ಬ್ರಿಕೆಟ್ (ಒತ್ತಿ ಮಾಡಿದ ಉರುವಲು ಗಟ್ಟಿ) ಮಾಡುವವರೊಬ್ಬರು ತೆಗೆದುಕೊಂಡರು. ಎಲ್ಲಿ ಬೆಳೆದದ್ದು ಎಂದು ಹೇಳಿಯೇ ಕೊಟ್ಟೆ. ಬಂದ ದುಡ್ಡು ಕೂಲಿಗೆ ಸಾಕಾಯಿತು, ಅಷ್ಟೇ. ಮಣ್ಣಿಗಾಗಿ ಮಾಡಿಸುವುದಾದರೆ ಮಾಡಿಸಿ, ಹುಲ್ಲಿನ ಆದಾಯ ನಂಬಿಕೊಂಡು ಬೇಡ.

ಗ್ಯಾರೇಜ್ ನಡೆಸುವವರಿಗೆ ಇನ್ನೊಂದು ಮಾತು. ಹಳೆ ಆಯಿಲ್ ನೆಲಕ್ಕೆ ಬೀಳುವುದು ನಿಲ್ಲದಿದ್ದರೆ ಯಾವ ಬೆಳೆಯೂ ಏನೂ ಮಾಡಲಾರದು. ನಾವೀಗ ಬ್ಯಾರೆಲ್‌ನಲ್ಲಿ ಹಿಡಿದು, ಪರವಾನಗಿ ಇರುವ ರೀಸೈಕಲ್ ಮಾಡುವವರಿಗೇ ಕೊಡುತ್ತೇವೆ. ಕಾನೂನಿನಲ್ಲಿ ಅದು ಅಪಾಯಕಾರಿ ತ್ಯಾಜ್ಯ. ಹುಡುಗರು ಕೂಡ ಬ್ಯಾರೆಲ್ ಇಡಿಸಿದ ಮೇಲೆಯೇ ಮುಂಗಡ ತೆಗೆದುಕೊಂಡದ್ದು.

ಮುಂದಿನ ಹಂಗಾಮಿಗೂ ಇವರಿಗೇ ಹೇಳಿದ್ದೇನೆ. ನೇಪಿಯರ್ ಹಾಗೆಯೇ ಇರಲಿ, ಖಾಲಿ ಪಟ್ಟಿಗೆ ಔಡಲ ಹಾಕಿ ಎರಡನೇ ಅಡಿಯ ಮಣ್ಣನ್ನೂ ಪರೀಕ್ಷೆ ಮಾಡೋಣ ಎಂದಿದ್ದಾರೆ. ಎಣ್ಣೆ ಪರೀಕ್ಷೆಯ ಖರ್ಚನ್ನು ಒಪ್ಪಂದದ ಕಾಗದದಲ್ಲೇ ಬರೆಸಿಕೊಂಡೆ, ಆಮೇಲೆ ಮುಂಗಡ ಕೊಟ್ಟೆ.